ಮೂರು ವಾರವಾದರೂ ಮಂಡಿ ಮಡಚುತ್ತಿಲ್ಲವೇ?

ಆಪರೇಷನ್ ಮಾಡಿ ಎರಡೂ ಮಂಡಿ ಬದಲಿಸಿ ಮೂರು ವಾರವಾಯಿತು, ಅಮ್ಮನಿಗೆ 75 ಡಿಗ್ರಿಗಿಂತ ಜಾಸ್ತಿ ಮಡಚಲು ಆಗುತ್ತಿಲ್ಲ, ಇದು ಸಹಜವೇ ಅಂತ ಕೇಳಿದ್ದೀರಿ. ಊತ ಇಳಿಯದ ಈ ಹಂತದಲ್ಲಿ ಇದು ಅಪರೂಪವೇನಲ್ಲ. ಒಂದೇ ಮಂಡಿಯಾಗಿದ್ದರೆ ಇನ್ನೊಂದು ಕಾಲಿನ ಮೇಲೆ ಭಾರ ಹಾಕಬಹುದಿತ್ತು. ಇವರಿಗೆ ಆ ಅನುಕೂಲವೂ ಇಲ್ಲ, ಅಲ್ವಾ? ಬೇರೆಯವರ ಜೊತೆ ಸುಮ್ನೆ ಹೋಲಿಸಬೇಡಿ.

ನನಗೆ ಚಿಂತೆಯಾಗಿದ್ದು ಅಮ್ಮ ಮಂಡಿ ಕೆಳಗೆ ದಿಂಬಿಟ್ಟುಕೊಳ್ಳುತ್ತಾರೆ ಅಂತ ನೀವು ಬರೆದದ್ದು. ಹಾಗೆ ದಿಂಬಿಟ್ಟರೆ ಹಾಯೆನಿಸುತ್ತದೆ, ನಿಜ. ಆದರೆ ಕಾಲು ಹಾಗೇ ಸ್ವಲ್ಪ ಮಡಚಿಕೊಂಡೇ ಬಿಗಿದು ಹೋಗುತ್ತದೆ. ಆಮೇಲೆ ಪೂರ್ತಿ ನೇರ ಮಾಡುವುದು ಕಷ್ಟ, ನಡಿಗೆಯೂ ಕುಂಟು. ಅದರ ಬದಲು ಟವೆಲ್ ಸುತ್ತಿ ಹಿಮ್ಮಡಿ ಕೆಳಗಿಡಿ. ಮಂಡಿಯ ಹಿಂಭಾಗ ಗಾಳಿಯಲ್ಲಿರಲಿ, ತೊಡೆ ಬಿಗಿ ಹಿಡಿದು ಮಂಡಿಯನ್ನು ಹಾಸಿಗೆಯತ್ತ ಒತ್ತಲಿ. ಮಡಚುವುದಕ್ಕಿಂತ ನೇರ ಮಾಡುವುದನ್ನೇ ಜನ ಹೆಚ್ಚು ಮರೆಯುತ್ತಾರೆ.

ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಡಬಹುದೇ ಅಂತ ಡಾಕ್ಟರನ್ನು ಕೇಳಿ. ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ. ಕೂರಲು ಕೈಯಿರುವ ಎತ್ತರದ ಕುರ್ಚಿಯೇ ಬೇಕು. ಎರಡೂ ಕಾಲು ಸೋತಿರುವಾಗ ಏಳಿಸುವುದು ತೋಳುಗಳೇ.

ಮೀನಖಂಡದಲ್ಲಿ ಹೊಸದಾಗಿ ನೋವು, ಊತ ಬಂದರೆ, ಜ್ವರ ಬಂದರೆ, ಗಾಯ ಒಸರಿದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ನೋವಾದರೆ ನೇರ ತುರ್ತು ಚಿಕಿತ್ಸೆಗೆ. ಆರು ವಾರಕ್ಕೂ 90 ಡಿಗ್ರಿ ದಾಟದಿದ್ದರೆ ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ದಾರಿ ಇದೆ, ತಡವಾದಷ್ಟೂ ಅದರ ಉಪಯೋಗ ಕಡಿಮೆ.