ಬೇಸಿಗೆಯ ಫ್ಲೈ-ಇನ್‌ಗೆ ಹೋಗಬಹುದೇ ಎಂದು ಕೇಳಿದ ದುರ್ಗದ ಯುವಕರಿಗೆ

ವಿಸ್ಕಾನ್ಸಿನ್‌ಗೆ ಬಂದು ಇನ್ನೂ ವರ್ಷ ತುಂಬದ ನೀವು ನನ್ನನ್ನು ಕೇಳಿರುವುದು ಇಷ್ಟು: ಸಹೋದ್ಯೋಗಿಯೊಬ್ಬರು ತಮ್ಮ ನಾಲ್ಕು ಸೀಟಿನ ವಿಮಾನದಲ್ಲಿ ಶನಿವಾರ ಬೆಳಗಿನ ಫ್ಲೈ-ಇನ್ ಉಪಾಹಾರಕ್ಕೆ, ಅಂದರೆ ಪೈಲಟ್‌ಗಳು ತಮ್ಮ ಸಣ್ಣ ವಿಮಾನಗಳಲ್ಲಿ ಹಾರಿಬಂದು ಒಂದು ನಿಲ್ದಾಣದಲ್ಲಿ ಸೇರುವ ತಿಂಡಿಯ ಕೂಟಕ್ಕೆ, ಕರೆದಿದ್ದಾರೆ, ಸ್ವಂತ ವಿಮಾನವಿಲ್ಲದ, ಹಾರಲು ಬಾರದ ಹೊಸಬರು ಅಲ್ಲಿಗೆ ಹೋಗುವುದು ಸರಿಯೇ, ಅದು ಹಣವಂತರ ಕೂಟವಲ್ಲವೇ, ಮುಂದೆ ನೀವೂ ಹಾರಲು ಕಲಿಯಬಹುದೇ? ರಜೆಗೆ ದಾವಣಗೆರೆಗೆ ಬಂದಿರುವ ನನ್ನನ್ನು ಕಾಣಲು ನಿಮ್ಮ ತಂದೆಯವರು ಮೊನ್ನೆ ಚಿತ್ರದುರ್ಗದಿಂದ ಬಂದಿದ್ದರು. ಅಷ್ಟು ಸಣ್ಣ ವಿಮಾನದಲ್ಲಿ ಮಗ ಕೂರುವುದು ಕ್ಷೇಮವೇ ಎಂಬುದೊಂದೇ ಅವರ ಚಿಂತೆ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಖಂಡಿತ ಹೋಗಿ. ನಿಮ್ಮ ಹಿಂಜರಿಕೆ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು. ನಮ್ಮ ಕಡೆ ವಿಮಾನವೆಂದರೆ ಬೇಲಿಯ ಆಚೆಗೆ ಇರುವ ವಸ್ತು. ದಾವಣಗೆರೆಯವರು ವಿಮಾನ ಹತ್ತಬೇಕಾದರೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ನಿಮ್ಮದೇ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟನೆಯಾದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯದೊಳಗೆ ಊರಿನವರು ಕಾಲಿಡುವ ಮಾತೇ ಇಲ್ಲ. ಅಮೆರಿಕದಲ್ಲಾದರೋ ಸಾರ್ವಜನಿಕ ಬಳಕೆಯ ವಿಮಾನ ನಿಲ್ದಾಣಗಳೇ ಸುಮಾರು 5,000 ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಂಟ್ರೋಲ್ ಟವರ್ ಇಲ್ಲ. ಪೈಲಟ್‌ಗಳು ಗೊತ್ತುಪಡಿಸಿದ ರೇಡಿಯೊ ತರಂಗಾಂತರದಲ್ಲಿ ತಾವು ಎಲ್ಲಿದ್ದೇವೆ, ಯಾವ ರನ್‌ವೇಗೆ ಬರುತ್ತಿದ್ದೇವೆ ಎಂದು ಒಬ್ಬರಿಗೊಬ್ಬರು ತಿಳಿಸುತ್ತಾ ಇಳಿಯುತ್ತಾರೆ. ಬೇಸಿಗೆಯ ಉಪಾಹಾರ ಕೂಟಗಳು ಬಹುಮಟ್ಟಿಗೆ ನಡೆಯುವುದು ಇಂಥ ಕಡೆಯೇ. ಕಾರಿನಲ್ಲಿ ಬಂದವರಿಗೂ ವಿಮಾನದಲ್ಲಿ ಬಂದವರಿಗೂ ಅಲ್ಲಿ ಒಂದೇ ಸಾಲು.

ವಿಮಾನ ಸಾಕುವುದು ದುಬಾರಿ ಎಂಬುದು ನಿಜ. ಆದರೆ ಈ ಕೂಟಗಳನ್ನು ಕಟ್ಟಿದವರು ವಿಮಾನವನ್ನು ತಮ್ಮ ಗ್ಯಾರೇಜಿನಲ್ಲಿ ಕೈಯಾರೆ ಮಾಡಿಕೊಂಡ ಜನ. ಪಾಲ್ ಪೊಬೆರೆಜ್ನಿಯವರು 1953ರಲ್ಲಿ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘವನ್ನು ಆರಂಭಿಸಿದ್ದು ಅಂಥವರಿಗಾಗಿಯೇ, ಮತ್ತು ಅದೇ ವರ್ಷ ಮೊದಲ ಫ್ಲೈ-ಇನ್ ಕೂಡ ನಡೆಯಿತು. 1970ರಿಂದ ಅದರ ದೊಡ್ಡ ಕೂಟ ಸಾಮಾನ್ಯವಾಗಿ ಜುಲೈ ಕೊನೆಯಲ್ಲಿ ವಿಸ್ಕಾನ್ಸಿನ್‌ನದೇ ಊರಾದ ಆಶ್‌ಕಾಶ್‌ನ ವಿಟ್‌ಮನ್ ನಿಲ್ದಾಣದಲ್ಲಿ ಸೇರುತ್ತಿದೆ. ಈಚಿನ ವರ್ಷಗಳಲ್ಲಿ ಆ ಒಂದು ವಾರಕ್ಕೆ ಅಲ್ಲಿಗೂ ಸುತ್ತಲಿನ ನಿಲ್ದಾಣಗಳಿಗೂ ಸುಮಾರು 10,000 ವಿಮಾನಗಳು, ಆರು ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ನಾಯಕನಹಟ್ಟಿಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದವರು ಎತ್ತು ಬಿಚ್ಚಿ, ಗಾಡಿಯ ಮಗ್ಗುಲಲ್ಲೇ ಬಿಡಾರ ಹೂಡುವಂತೆ, ಅಲ್ಲಿ ಪೈಲಟ್‌ಗಳು ವಿಮಾನವನ್ನು ನೆಲಕ್ಕೆ ಬಿಗಿದು ಕಟ್ಟಿ ರೆಕ್ಕೆಯ ಕೆಳಗೇ ಡೇರೆ ಹಾಕುತ್ತಾರೆ. ನಿಲುಗಡೆಯ ದಾರಿ ತೋರುವವರಿಂದ ಹಿಡಿದು ಕಸ ಎತ್ತುವವರವರೆಗೆ ಸಾವಿರಾರು ಮಂದಿ ಸಂಬಳವಿಲ್ಲದೆ ದುಡಿಯುತ್ತಾರೆ. ಆದ್ದರಿಂದ ಹೊಸಬರಿಗೆ ನನ್ನ ಮುಖ್ಯ ಸಲಹೆ ಇದು: ನೋಡುಗರಾಗಿ ಒಮ್ಮೆ ಹೋಗಿ, ಎರಡನೆಯ ಸಲ ಕೆಲಸ ಕೇಳಿಕೊಂಡು ಹೋಗಿ. ಆ ಸಂಘದ ಸ್ಥಳೀಯ ಶಾಖೆಯ ಉಪಾಹಾರದಲ್ಲಿ ಕುರ್ಚಿ ಜೋಡಿಸಿದವರ ಹೆಸರನ್ನು ಅಲ್ಲಿನ ಹಿರಿಯರು ಮರೆಯುವುದಿಲ್ಲ. ಅಮೆರಿಕದಲ್ಲಿ ನನಗೆ ಆತ್ಮೀಯರು ದೊರೆತದ್ದು ಕಚೇರಿಗಿಂತ ಹೆಚ್ಚಾಗಿ ವಿಮಾನ ನಿಲ್ಲಿಸುವ ಕೊಟ್ಟಿಗೆಗಳಾದ ಹ್ಯಾಂಗರ್‌ಗಳಲ್ಲಿ.

ಇನ್ನು ನಿಮ್ಮ ತಂದೆಯವರ ಚಿಂತೆ. ಸಣ್ಣ ವಿಮಾನದಲ್ಲಿ ಅಪಾಯವೇ ಇಲ್ಲವೆಂದು ನಾನು ಅವರಿಗೆ ಹೇಳಲಿಲ್ಲ, ಏಕೆಂದರೆ ಅದು ಸುಳ್ಳು. ಶಿಸ್ತು ಎಷ್ಟಿದೆ ಎಂಬುದನ್ನು ಮಾತ್ರ ವಿವರಿಸಿದೆ. ಆಶ್‌ಕಾಶ್‌ಗೆ ಉಪಕರಣಗಳನ್ನು ನೆಚ್ಚದೆ, ಹೊರಗೆ ಕಣ್ಣಿಂದ ನೋಡಿಕೊಂಡು ಹಾರಿ ಬರುವವರು ರಿಪನ್ ಪಟ್ಟಣದಿಂದ ಫಿಸ್ಕ್ ಎಂಬ ಹಳ್ಳಿಯವರೆಗೆ ರೈಲು ಹಳಿಯ ಗುಂಟ, ಸಮುದ್ರ ಮಟ್ಟದಿಂದ 1,800 ಅಡಿ ಎತ್ತರದಲ್ಲಿ, 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ.) ವೇಗದಲ್ಲಿ, ಅರ್ಧ ಮೈಲಿ ಅಂತರವಿಟ್ಟು, ಒಂದರ ಹಿಂದೊಂದು ಬರಬೇಕು. ಫಿಸ್ಕ್‌ನಲ್ಲಿ ನೆಲದ ಮೇಲೆ ನಿಂತ ನಿಯಂತ್ರಕರು ವಿಮಾನದ ಬಣ್ಣ, ಆಕಾರ ನೋಡಿ ಕರೆಯುತ್ತಾರೆ. ಪೈಲಟ್ ಮಾತಾಡದೆ ರೆಕ್ಕೆ ಆಡಿಸಿ ಉತ್ತರ ಕೊಡುತ್ತಾರೆ. ರನ್‌ವೇಯ ಮೇಲೆ ಬಣ್ಣದ ದೊಡ್ಡ ಚುಕ್ಕೆಗಳಿದ್ದು, ಯಾರಿಗೆ ಯಾವ ಚುಕ್ಕೆ ಹೇಳಿದ್ದಾರೋ ಅಲ್ಲೇ ಇಳಿಯಬೇಕು. ಇಷ್ಟನ್ನೂ ಮುಂಚಿತವಾಗಿ ಪ್ರಕಟವಾಗುವ ಸೂಚನೆಯಲ್ಲಿ ಓದಿಕೊಂಡೇ ಹೊರಡಬೇಕು.

ನಿಮ್ಮ ಶನಿವಾರದ ಪಯಣಕ್ಕೆ ಇಷ್ಟೆಲ್ಲ ಇಲ್ಲ, ಆದರೆ ಕೆಲವನ್ನು ನೀವು ಪಾಲಿಸಲೇಬೇಕು. ಪೈಲಟ್ ನಿಮ್ಮ ತೂಕ ಕೇಳುತ್ತಾರೆ. ಸಂಕೋಚವಿಲ್ಲದೆ ನಿಜ ಹೇಳಿ, ಏಕೆಂದರೆ ನಾಲ್ಕು ಸೀಟಿದ್ದ ಮಾತ್ರಕ್ಕೆ ಟ್ಯಾಂಕ್ ತುಂಬಿದ ಸೆಸ್ನಾ 172ರಂಥ ಸಣ್ಣ ವಿಮಾನ ನಾಲ್ವರು ದೊಡ್ಡವರನ್ನು ಹೊರುತ್ತದೆಂದಲ್ಲ, ಮತ್ತು ಬೇಸಿಗೆಯ ಬಿಸಿ ಗಾಳಿ ತೆಳುವಾಗುವುದರಿಂದ ಮೇಲೇರುವುದು ಇನ್ನಷ್ಟು ನಿಧಾನವಾಗುತ್ತದೆ. ನಿಂತ ಪ್ರೊಪೆಲರ್ ಕೂಡ ತಿರುಗಬಲ್ಲದೆಂದೇ ಭಾವಿಸಿ ದೂರವಿರಿ. ಯಾರ ವಿಮಾನವನ್ನೂ ಕೇಳದೆ ಮುಟ್ಟಬೇಡಿ. ಹಳೆಯ ವಿಮಾನಗಳ ಮೈ ಬಟ್ಟೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಮೋಡ ನೋಡಿ ಪೈಲಟ್ ‘ಇವತ್ತು ಬೇಡ’ ಎಂದರೆ ಮರುಮಾತಾಡದೆ ಕಾರಿನಲ್ಲಿ ಹೋಗಿ. ಹೀಗೆ ಹೇಳಬಲ್ಲವರ ಜೊತೆ ಮಾತ್ರ ನಾನು ಕೂರುತ್ತೇನೆ, ನಿಮ್ಮ ತಂದೆಯವರಿಗೂ ಇದನ್ನೇ ಹೇಳಿದ್ದೇನೆ. ಹಣದ ವಿಷಯದಲ್ಲಿ ಕಾನೂನೇ ಇದೆ: ಖಾಸಗಿ ಪೈಲಟ್ ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ, ಆದರೆ ಇಂಧನದ ಖರ್ಚು ಹಂಚಿಕೊಳ್ಳಬಹುದು, ಇಬ್ಬರೇ ಇದ್ದರೆ ಅರ್ಧವನ್ನಾದರೂ ಅವರೇ ಭರಿಸಬೇಕು. ಉಳಿದರ್ಧ ನಿಮ್ಮದೆಂದು ನೀವಾಗಿಯೇ ಹೇಳುವುದು ಮರ್ಯಾದೆ.

ಊಟದ ಬಗ್ಗೆ ಒಂದು ಮಾತು: ನೀವು ಸಸ್ಯಾಹಾರಿಗಳೆಂದು ತಿಳಿಯಿತು. ಈ ಕೂಟಗಳಲ್ಲಿ ಬಡಿಸುವ, ದಪ್ಪ ದೋಸೆಯಂಥ ಪ್ಯಾನ್‌ಕೇಕ್‌ನ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಬೆರೆಸಿರುತ್ತಾರೆ. ಮನೆಯಲ್ಲೇ ತಿಂದು ಹೊರಡಿ.

ಕಲಿಯುವುದಾದರೆ ಮೊದಲು ಕಾಗದಪತ್ರ. ಅಮೆರಿಕದ ಪ್ರಜೆಯಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸಹ, ಖಾಸಗಿ ಪೈಲಟ್ ತರಬೇತಿಗೆ ಮುನ್ನ ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎಯ ಒಪ್ಪಿಗೆ ಪಡೆಯಬೇಕು. ಪ್ರಯಾಣಿಕರಾಗಿ ಕೂರಲು ಇದು ಬೇಡ. ನಿಮ್ಮ ವೀಸಾಕ್ಕೆ ಅಡ್ಡಿಯಿದೆಯೇ ಎಂಬುದನ್ನು ವಲಸೆ ವಕೀಲರಲ್ಲಿ ಕೇಳಿ, ಗೆಳೆಯರ ಮಾತು ನಂಬಬೇಡಿ. ಸಾಮಾನ್ಯ ಪದ್ಧತಿಯಲ್ಲಿ ಕಾನೂನು ಕೇಳುವ ಕನಿಷ್ಠ ಹಾರಾಟ 40 ಗಂಟೆ, ಆದರೆ ಕೆಲಸದ ನಡುವೆ ಕಲಿಯುವ ಬಹುತೇಕರಿಗೆ ಅದು ಸಾಲುವುದಿಲ್ಲ, ಖರ್ಚನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ಒಪ್ಪಿಗೆ ಕೈಗೆ ಬಂದ ಮೇಲೆ ನನಗೆ ತಿಳಿಸಿ. ನಾನು ವಿಸ್ಕಾನ್ಸಿನ್‌ಗೆ ಮರಳಿದೊಡನೆ ಸೂಕ್ತ ಬೋಧಕರನ್ನು ಇಬ್ಬರೂ ಕೂಡಿ ನೋಡೋಣ.