ಕಾಲುವೆ ನೀರು ಬಂದ ಮೇಲೆ ಮಾಡೆಲ್ ಯಾಕೆ ತಪ್ಪುತ್ತೆ

ಗಂಗಾವತಿ ಹತ್ರದ ಮೀನುಹೊಂಡದ ನೀರನ್ನ ಮೈಕ್ರೊಸ್ಕೋಪಿಗೆ ಮೊಬೈಲ್ ಕಟ್ಟಿ ವಿಡಿಯೊ ತೆಗೆದಿದ್ದೀರಿ. ಚಿತ್ರ ನೋಡಿ ನೀರಿನ ಪುಟ್ಟ ಜೀವಿಗಳ ಹೆಸರು ಹೇಳೋ ನಿಮ್ಮ ಕಂಪ್ಯೂಟರ್ ಮಾಡೆಲ್ ಬೇಸಿಗೆಯಲ್ಲಿ 96% ಸರಿ ಹೇಳ್ತಿತ್ತು, ಕಾಲುವೆ ನೀರು ಬಂದ ಮೇಲೆ ಮಣ್ಣನ್ನೆಲ್ಲ ಮೈಕ್ರೊಸಿಸ್ಟಿಸ್ ಪಾಚಿ ಅಂತಿದೆ ಅಂದಿದ್ದೀರಿ. ಮೊದಲು ಆ 96% ಮೇಲೇ ಅನುಮಾನ ಪಡಿ.

ಎಲ್ಲ ಚಿತ್ರ ಕಲಸಿ 80% ತರಬೇತಿಗೆ, 20% ಪರೀಕ್ಷೆಗೆ ಅಂತ ಹಂಚಿದ್ದೀರಿ. ವಿಡಿಯೊದಲ್ಲಿ ಒಂದೇ ಸೈಕ್ಲಾಪ್ಸ್ (ಸಿಗಡಿ ಜಾತಿಗೆ ಹತ್ತಿರದ ಪುಟ್ಟ ಜೀವಿ) ಹತ್ತಾರು ಫ್ರೇಮಿನಲ್ಲಿ ಬರುತ್ತೆ. ಆ ಫ್ರೇಮುಗಳಲ್ಲಿ ಅರ್ಧ ತರಬೇತಿಗೆ, ಅರ್ಧ ಪರೀಕ್ಷೆಗೆ ಹೋದರೆ ಮಾಡೆಲ್ ಕಂಡದ್ದನ್ನೇ ಮತ್ತೆ ಗುರುತಿಸುತ್ತೆ ಅಷ್ಟೇ. ನೀರು ತೆಗೆದ ದಿನದ ಪ್ರಕಾರ ಹಂಚಿ. ಒಂದು ದಿನದ ಸ್ಯಾಂಪಲ್ ಪೂರ್ತಿ ಒಂದೇ ಕಡೆ ಇರಲಿ. ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯ ಗ್ರೂಪ್‌ಕೆಫೋಲ್ಡ್ (GroupKFold) ಈ ಕೆಲಸ ಮಾಡುತ್ತೆ. ಅಂಕ ಇಳಿಯುತ್ತೆ, ಇಳಿಯಲಿ.

ಇನ್ನು ಮಣ್ಣು. ನೀವು ಕಲಿಸಿದ್ದು ಬರೀ ಜೀವಿಗಳ ಹೆಸರು. ಹೂಳಿನ ತುಣುಕು ಬಂದರೂ ಅದಕ್ಕೆ ಯಾವುದೋ ಒಂದು ಜೀವಿಯ ಹೆಸರು ಹೇಳದೆ ಬೇರೆ ದಾರಿ ಇಲ್ಲ. ಮಳೆಗಾಲದ ತುಂಗಭದ್ರೆ ನೀರಿನ ಹೂಳು ಕಂದು, ಅಂಚು ಅಂಕುಡೊಂಕು. ಕೆಡದಂತೆ ಅಯೋಡಿನ್ ಹಾಕಿದ ಪಾಚಿ ಗುಂಪೂ 10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಹಾಗೇ ಕಾಣುತ್ತೆ. ‘ಹೂಳು’, ‘ಗಾಳಿಗುಳ್ಳೆ’, ‘ಬೇರೆ’ ಅಂತ ವರ್ಗ ಸೇರಿಸಿ, ಹೂಳಿನ ಚಿತ್ರ ಕೆಲವು ನೂರಾದರೂ ಇರಲಿ. ಹೆಸರು ಹಚ್ಚುವಾಗ ಅನುಮಾನ ಬಂದರೆ ಒಂದು ಹನಿಯನ್ನ ಮಾಮೂಲಿ ಸ್ಲೈಡಿಗೆ ಹಾಕಿ ಕವರ್‌ಸ್ಲಿಪ್ ಇಟ್ಟು 40ಎಕ್ಸ್‌ನಲ್ಲಿ ನೋಡಿ. ಎಣಿಕೆಯ ಸೆಡ್ಜ್‌ವಿಕ್-ರಾಫ್ಟರ್ ಸ್ಲೈಡ್ ದಪ್ಪ, ಅದರ ಮೇಲೆ 40ಎಕ್ಸ್ ಫೋಕಸ್ ಆಗಲ್ಲ. ಪಾಚಿಯಾದರೆ ಸುಮಾರು 3-6 ಮೈಕ್ರಾನಿನ ದುಂಡು ಕೋಶಗಳು ಒತ್ತೊತ್ತಾಗಿ ಕಾಣ್ತವೆ. ಮಣ್ಣಿಗೆ ಚೂಪು ಮೂಲೆ. ಅಯೋಡಿನ್ ಹಾಕಿದ್ದು, ಹಾಕದ್ದು ಎರಡೂ ಪ್ರತಿ ವರ್ಗದಲ್ಲೂ ಇರಲಿ, ಇಲ್ಲಾಂದ್ರೆ ಮಾಡೆಲ್ ಆಕಾರ ಬಿಟ್ಟು ಬಣ್ಣ ಕಲಿಯುತ್ತೆ.

ಒಂದೊಂದು ಜೀವಿಯನ್ನ ಕತ್ತರಿಸಿ ತೆಗೆದ ಚಿತ್ರವನ್ನ ಹಾಗೇ 224×224 ಪಿಕ್ಸೆಲ್‌ಗೆ ಹಿಗ್ಗಿಸಬೇಡಿ. ಹಾಗೆ ಮಾಡಿದರೆ 200 ಮೈಕ್ರಾನಿನ ರೋಟಿಫರ್ (ಇನ್ನೊಂದು ಪುಟ್ಟ ಜೀವಿ), 1 ಮಿ.ಮೀ. ಸೈಕ್ಲಾಪ್ಸ್ ಎರಡೂ ಒಂದೇ ಗಾತ್ರ ಆಗ್ತವೆ. ಉದ್ದ-ಅಗಲದ ಅನುಪಾತ ಉಳಿಸಿ ಸುತ್ತ ಖಾಲಿ ಅಂಚು ತುಂಬಿ, ನಿಜವಾದ ಉದ್ದವನ್ನ ಪ್ರತ್ಯೇಕ ಸಂಖ್ಯೆಯಾಗಿ ಮಾಡೆಲ್‌ನ ಕೊನೆಯ ಪದರಕ್ಕೆ ಕೊಡಿ. ಅಳತೆಗೆ ಸೆಡ್ಜ್‌ವಿಕ್-ರಾಫ್ಟರ್‌ನ 1 ಮಿ.ಮೀ. ಚೌಕವೇ ಸಾಕು: ಎರಡು ಗೆರೆ ನಡುವಿನ ಪಿಕ್ಸೆಲ್ ಎಣಿಸಿ, ಆಮೇಲೆ ಮೊಬೈಲಿನ ಜೂಮ್ ಮುಟ್ಟಬೇಡಿ.

ಸ್ವಿಟ್ಜರ್ಲೆಂಡಿನ ಗ್ರೈಫೆನ್‌ಸೀ ಸರೋವರದ ಝೂಲೇಕ್ ಸಂಗ್ರಹದಲ್ಲಿ 35 ವರ್ಗದ 17,943 ಚಿತ್ರ ಇವೆ. ಇಮೇಜ್‌ನೆಟ್ ಅನ್ನೋ ದೊಡ್ಡ ಚಿತ್ರ ಸಂಗ್ರಹದಲ್ಲಿ ತರಬೇತಾದ ರೆಸ್‌ನೆಟ್-18 ಮಾಡೆಲ್‌ಗೆ ಮೊದಲು ಅವನ್ನ ಕಲಿಸಿ, ಆಮೇಲೆ ನಿಮ್ಮವನ್ನ ಕೊಡಿ. ಅವು ಕಪ್ಪು ಹಿನ್ನೆಲೆಯವು, ಹಾಗಾಗಿ ನಿಮ್ಮ ಹೊಂಡದ ಚಿತ್ರಕ್ಕೆ ಬದಲಿ ಆಗಲ್ಲ.

ಒಟ್ಟು ಶೇಕಡಾ ಬಿಟ್ಟು ಪ್ರತಿ ವರ್ಗದ ಎಫ್1 ನೋಡಿ (ತಪ್ಪಾಗಿ ಹೆಸರಿಸಿದ್ದು, ಬಿಟ್ಟುಹೋದದ್ದು ಎರಡನ್ನೂ ಲೆಕ್ಕ ಹಿಡಿಯೋ ಅಂಕ). ಯಾವ ವರ್ಗವನ್ನ ಮಾಡೆಲ್ ಯಾವುದು ಅಂದಿದೆ ಅಂತ ತೋರಿಸೋ ಹೊಸ ಕನ್‌ಫ್ಯೂಷನ್ ಮ್ಯಾಟ್ರಿಕ್ಸ್ ಪಟ್ಟಿ ಇಲ್ಲಿ ಹಾಕಿ, ಹೂಳಿನ ಸಾಲು ಎಲ್ಲಿಗೆ ಹೋಗ್ತಿದೆ ನೋಡೋಣ.