ವಾದ್ಯ ದುರಸ್ತಿ: ಮೂರನೆಯ ಟ್ರ್ಯಾಕ್ ಏಕೆ ನುಡಿಯುತ್ತಿಲ್ಲ?

ಪ್ರಶ್ನೆ: ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಯೊಂದರಲ್ಲಿ ಸಿಂಥಸೈಜರ್ ನುಡಿಸುತ್ತೇನೆ. ಹಳೆಯ ವಾದ್ಯ, ಹದಿನಾರು ಟ್ರ್ಯಾಕ್‌ಗಳದು, ಒಂದೊಂದು ಟ್ರ್ಯಾಕ್‌ನಲ್ಲಿ ಒಂದೊಂದು ವಾದ್ಯದ ಪಾಲು. ಹಾಡುಗಳು ಮೆಮೊರಿ ಕಾರ್ಡ್‌ನಲ್ಲಿವೆ. ಈಚೆಗೆ ಸ್ವಿಚ್ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡಿ ವಾದ್ಯ ಅಲ್ಲೇ ನಿಂತುಬಿಡುತ್ತದೆ. ಆರಿಸಿ ಮತ್ತೆ ಹಾಕಿದರೆ ಏಳುತ್ತದೆ. ಆದರೆ ನಾಂದಿ ಹಾಡಿನ ಮೂರನೆಯ ಟ್ರ್ಯಾಕ್, ನಾನೇ ತಯಾರಿಸಿದ ಶಹನಾಯಿ, ಕೇಳಿಸುವುದಿಲ್ಲ. ಪರದೆಯಲ್ಲಿ ಅದರ ಗೆರೆ ಮಾತ್ರ ಕುಣಿಯುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿಬಿಡಲೇ?
– ಓದುಗರು, ಗುಳೇದಗುಡ್ಡ

ಉತ್ತರ: ದಯವಿಟ್ಟು ಈಗಲೇ ಮಾಡಬೇಡಿ. ಬಾಗಲಕೋಟೆಯ ನವನಗರದ ನನ್ನ ಅಂಗಡಿಗೆ ಒಮ್ಮೆ ಭಜನಾ ಮಂಡಳಿಯ ವಾದಕರೊಬ್ಬರು ಇದೇ ಬಗೆಯ ವಾದ್ಯ ಹೊತ್ತು ತಂದಿದ್ದರು. ಬರುವ ಮುನ್ನವೇ ಯಾರದೋ ಮಾತು ಕೇಳಿ ರೀಸೆಟ್ ಮಾಡಿದ್ದರು. ಎಂಟು ವರ್ಷ ಕೂತು ತಿದ್ದಿ ತೀಡಿದ ಟೋನ್‌ಗಳೆಲ್ಲ, ಅಂದರೆ ಅವರೇ ರೂಪಿಸಿದ ವಾದ್ಯಧ್ವನಿಗಳೆಲ್ಲ, ಅಳಿಸಿಹೋಗಿದ್ದವು. ಅವನ್ನು ಮರಳಿ ತರುವ ವಿದ್ಯೆ ನನ್ನಲ್ಲಿರಲಿಲ್ಲ. ಅವರು ಖಾಲಿ ಪರದೆಯನ್ನು ನೋಡುತ್ತ ನಿಂತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಮೊದಲು ವಾದ್ಯದಲ್ಲಿ ಉಳಿದಿರುವುದನ್ನೆಲ್ಲ ಬೇರೊಂದು ಕಾರ್ಡ್‌ಗೆ ಉಳಿಸಿಕೊಳ್ಳಿ. ಹಳೆಯ ಕಾರ್ಡ್‌ನ ಮೇಲೆ ಬರೆಯಬೇಡಿ. ಅದರಲ್ಲಿ ಶಹನಾಯಿಯ ಒಳ್ಳೆಯ ಪ್ರತಿ ಇದ್ದರೂ ಇರಬಹುದು.

ಗೆರೆ ಕುಣಿಯುತ್ತಿದೆ ಎಂದು ನೀವು ಬರೆದದ್ದು ಬಹಳ ಉಪಯೋಗಕ್ಕೆ ಬಂತು. ಹಾಗೆಂದರೆ ಸ್ವರಗಳು ಟ್ರ್ಯಾಕ್‌ನಲ್ಲಿವೆ, ಧ್ವನಿ ಮುಂದೆಲ್ಲೋ ತಡೆದಿದೆ. ಟ್ರ್ಯಾಕ್‌ನ ಸದ್ದಡಗಿಸುವ ಮ್ಯೂಟ್ ಬಿದ್ದಿದೆಯೇ, ತನ್ನೊಂದನ್ನೇ ಕೇಳಿಸಿ ಉಳಿದವನ್ನು ಸುಮ್ಮನಾಗಿಸುವ ಸೋಲೋ ಗುಂಡಿ ಬೇರೆ ಟ್ರ್ಯಾಕ್‌ನಲ್ಲಿ ಒತ್ತಿಕೊಂಡಿದೆಯೇ ಎಂದು ಒಮ್ಮೆ ನೋಡಿ. ಆಮೇಲೆ ಮೂರನೆಯ ಟ್ರ್ಯಾಕ್‌ಗೆ ಕಾರ್ಖಾನೆಯಿಂದಲೇ ಬಂದ ಪಿಯಾನೋ ಟೋನ್ ಕೊಟ್ಟು ನುಡಿಸಿ. ಪಿಯಾನೋ ಕೇಳಿಸಿದರೆ ಟ್ರ್ಯಾಕ್ ಆರೋಗ್ಯವಾಗಿದೆ, ಕೆಟ್ಟಿರುವುದು ಶಹನಾಯಿ ಎಂದರ್ಥ. ಹಾಡಿನ ಕಡತದಲ್ಲಿ ಧ್ವನಿ ಇರುವುದಿಲ್ಲ, ಇಂಥ ಬ್ಯಾಂಕಿನ (ಟೋನ್‌ಗಳ ಗುಂಪಿನ) ಇಂಥ ಸಂಖ್ಯೆಯ ಟೋನ್ ತೆಗೆದುಕೋ ಎಂಬ ವಿಳಾಸವಷ್ಟೇ ಇರುತ್ತದೆ. ಹಾಡು ಕಾರ್ಡ್‌ನಲ್ಲಿ ಸುರಕ್ಷಿತವಾಗಿದ್ದರೂ ವಾದ್ಯದೊಳಗಿನ ಆ ಮನೆ ಪಾಳುಬಿದ್ದಿದ್ದರೆ ಕರೆದರೂ ಓಗೊಡುವವರಿಲ್ಲ.

ನಿಮ್ಮ ಎರಡೂ ದೂರುಗಳು ಒಂದೇ ಬೇರಿನವು ಎಂಬ ಅನುಮಾನ ನನಗೆ ಬರುವುದು ಇಲ್ಲಿಯೇ. ಹಳೆಯ ಸಿಂಥಸೈಜರ್‌ಗಳಲ್ಲಿ ವಾದಕ ತಯಾರಿಸಿದ ಟೋನ್‌ಗಳನ್ನು ಕಾಪಾಡುವುದು ಒಳಗಿನ ಒಂದು ಲಿಥಿಯಂ ಬ್ಯಾಟರಿ. ಹಲವು ವಾದ್ಯಗಳಲ್ಲಿ ಅದು ಸಿಆರ್ 2032, ಅಂದರೆ 20 ಮಿಲಿಮೀಟರ್ ಅಗಲದ, 3 ವೋಲ್ಟ್‌ನ ಬಿಲ್ಲೆ. ಅದು ಬಳಲಿದಾಗ ನೆನಪು ಒಮ್ಮೆಗೇ ಅಳಿಯಬೇಕೆಂದಿಲ್ಲ, ಅಲ್ಲೊಂದು ಇಲ್ಲೊಂದು ಕೆಡಬಹುದು. ವಾದ್ಯ ಏಳುವಾಗ ಆ ಕೆಟ್ಟ ನೆನಪನ್ನೇ ಓದಿ ತಬ್ಬಿಬ್ಬಾಗುತ್ತದೆ. ಮೀಟರ್ ಹಿಡಿದಾಗ ಹೊಸ ಬಿಲ್ಲೆ 3 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತದೆ. ನಿಮ್ಮದು 2.7ಕ್ಕಿಂತ ಕೆಳಗಿದ್ದರೆ ಬದಲಾಯಿಸಿ. ಬೆಸುಗೆ ಹಾಕಿದ ಬ್ಯಾಟರಿಯಾದರೆ ಬಲ್ಲವರ ಕೈಗೆ ಕೊಡಿ, ಬಿಲ್ಲೆಗೆ ನೇರವಾಗಿ ಕಾದ ಕಡ್ಡಿ ಮುಟ್ಟಿಸಿದರೆ ಅದು ಸಿಡಿಯಬಹುದು. ಹೊಸ ಬ್ಯಾಟರಿ ಕೂರಿಸಿದ ಮೇಲೆ ರೀಸೆಟ್ ಮಾಡಿ. ರೀಸೆಟ್‌ಗೆ ತಕ್ಕ ಸಮಯ ಅದು. ನಂತರ ಕಾರ್ಡ್‌ನಿಂದ ಟೋನ್‌ಗಳನ್ನು ತುಂಬಿಕೊಳ್ಳಿ.

ಪಿಯಾನೋ ಕೂಡ ಕೇಳಿಸದಿದ್ದರೆ ಆಗ ಬೇರೆ ದಾರಿ. ಹಾಡಿನ ಕೊನೆಯಲ್ಲಿ ಶಹನಾಯಿಯನ್ನು ಪೆಡಲ್‌ನಿಂದ ಮೆಲ್ಲಗೆ ಇಳಿಸಿ ರೆಕಾರ್ಡ್ ಮಾಡಿದ್ದೀರಾ? ವಾದ್ಯಗಳಿಗೆ ಸಂಖ್ಯೆಗಳಲ್ಲಿ ಆಜ್ಞೆ ಕೊಡುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ವಾಲ್ಯೂಮ್‌ಗೆ 7ನೆಯ ಸಂಖ್ಯೆ, ಹಾಡಿನ ನಡುವೆ ಸದ್ದನ್ನು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್‌ಗೆ 11ನೆಯದು. ಕೊನೆಯಲ್ಲಿ 11 ಸೊನ್ನೆಗೆ ಇಳಿದರೆ, ಮತ್ತೆ ಏರಿಸು ಎಂದು ಯಾರಾದರೂ ಹೇಳುವವರೆಗೆ ಅದು ಸೊನ್ನೆಯಲ್ಲೇ ಕೂತಿರಬಹುದು. ಮೊದಲ ಸಲ ಚೆನ್ನಾಗಿ ನುಡಿದ ಟ್ರ್ಯಾಕ್ ಎರಡನೆಯ ಸಲ ಮೌನವಾಗುವುದು ಹೀಗೆ. ಟ್ರ್ಯಾಕ್‌ನ ಮೊದಲ ಮಾತ್ರೆಯಲ್ಲೇ 7ಕ್ಕೆ 100, 11ಕ್ಕೆ 127 ಎಂದು ಬರೆದಿಡಿ. ನಾಟಕದವರು ಹಾಡನ್ನು ನಡುವೆಯೇ ನಿಲ್ಲಿಸಿ ಮತ್ತೆ ಶುರುಮಾಡುವವರು, ಆದ್ದರಿಂದ ಪ್ರತಿ ಹಾಡಿಗೂ ಈ ಎರಡು ಸಾಲು ಬೇಕೇ ಬೇಕು.

ಜಾತ್ರೆಯ ಕರೆಂಟನ್ನೂ ಮರೆಯಬೇಡಿ. ಜನರೇಟರ್ ಮೇಲೆ ರಂಗದ ದೀಪಗಳೆಲ್ಲ ಒಟ್ಟಿಗೆ ಹೊತ್ತುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಆಗಲೇ ಸ್ವಿಚ್ ಹಾಕಿದರೆ ಒಳ್ಳೆಯ ವಾದ್ಯವೂ ತಡವರಿಸುತ್ತದೆ. ಮನೆಯಲ್ಲಿ ಬೆಳಿಗ್ಗೆ ಹತ್ತು ಸಲ ಹಚ್ಚಿ ಆರಿಸಿ ನೋಡಿ, ನಡುವೆ ಹತ್ತು ಸೆಕೆಂಡ್ ಬಿಡಿ. ಹತ್ತೂ ಸಲ ಸರಿಯಾಗಿ ಎದ್ದರೆ ತಪ್ಪು ಟೆಂಟಿನ ತಂತಿಯದು.

ಪ್ರಶ್ನೆ: ನನ್ನ ಕೀಬೋರ್ಡ್‌ನ ಸಸ್ಟೇನ್ ಪೆಡಲ್ ಕೆಲವು ದಿನ ತಲೆಕೆಳಗಾಗಿ ಕೆಲಸ ಮಾಡುತ್ತದೆ. ಒತ್ತಿದರೆ ಸ್ವರ ನಿಲ್ಲುತ್ತದೆ, ಬಿಟ್ಟರೆ ಉಳಿಯುತ್ತದೆ.
– ಓದುಗರು, ವಿಜಯಪುರ

ಉತ್ತರ: ಸ್ವಿಚ್ ಹಾಕುವಾಗ ನಿಮ್ಮ ಕಾಲು ಪೆಡಲ್ ಮೇಲಿರುತ್ತದೆ. ಏಳುವಾಗ ಪೆಡಲ್ ಹೇಗಿದೆಯೋ ಅದೇ ಬಿಟ್ಟ ಸ್ಥಿತಿ ಎಂದು ಅನೇಕ ಕೀಬೋರ್ಡ್‌ಗಳು ತಿಳಿಯುತ್ತವೆ. ಆರಿಸಿ, ಕಾಲು ತೆಗೆದು ಮತ್ತೆ ಹಾಕಿ.